ಬಣ್ಣ ಹಚ್ಚದೆ ಉಳಿದ ಚಿತ್ರ

"ಯಾವ ಬಣ್ಣ ಕೊಡ್ಲಿ ಅಕ್ಕಾ?" ಎಂದು ಸುರೇಶ್ ಎರಡನೇ ಸಲ ಕೇಳಿದಾಗಲೂ ವರಲಕ್ಷ್ಮಿ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕೂತಿದ್ದಳು. ಪರದೆಯ ಮೇಲೆ ಬೂದು ಚಿತ್ರ. ಅಂಚಿನಲ್ಲಿ ಸುರುಳಿ, ಸುರುಳಿಯೊಳಗೆ ಅದೇ ಆಕಾರದ ಮರಿಸುರುಳಿ, ನಡುವೆ ದೊಡ್ಡ ಕರಿಮಚ್ಚೆ.

ಕೊರಟಗೆರೆಯ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಅವಳ ಗಂಡ ತಿಪ್ಪೇರುದ್ರ ಎದೆನೋವಿನಿಂದ ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ಒಂದೇ ಸೂತ್ರವನ್ನು ಸಾವಿರ ಸಲ ತಿರುಗಿಸಿ ಇಂಥ ಚಿತ್ರ ಬರೆಸುವುದು ಅವನ ಹುಚ್ಚು. ಬಣ್ಣ ಮಾತ್ರ ಅವಳದು, ಏಕೆಂದರೆ ಅವನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. "ಸೂತ್ರ ತಿರುಗಿಸ್ದಾಗ ಯಾವ ಚುಕ್ಕಿ ಎಷ್ಟನೇ ಸುತ್ತಿನಲ್ಲಿ ಎಲ್ಲೆ ದಾಟಿ ಓಡಿಹೋಗುತ್ತೆ ಅಂತ ನಾನು ಎಣಿಸ್ತೀನಿ. ಬೇಗ ಓಡಿದ್ದಕ್ಕೆ ಒಂದು ಬಣ್ಣ, ತಡವಾಗಿ ಓಡಿದ್ದಕ್ಕೆ ಇನ್ನೊಂದು. ನೀನೇ ಹೇಳು. ಓಡದೆ ಉಳಿದದ್ದು ಕಪ್ಪು" ಎನ್ನುತ್ತಿದ್ದ. ಹನ್ನೊಂದು ವರ್ಷ ಅವಳು ಹೇಳಿದ್ದಳು. ದಾಸವಾಳದ ಕೆಂಪಿನಿಂದ ಗಿಳಿಹಸಿರಿಗೆ ಹೊರಳಿಸುವುದೆಂದರೆ ಅವಳಿಗೆ ಇಷ್ಟ. ಅವನು ಪ್ರತಿ ಸಲವೂ "ಚೆನ್ನಾಗೈತೆ ಕಣೇ" ಎನ್ನುತ್ತಿದ್ದ.

ಬಣ್ಣ ಕೇಳುವ ಮೊದಲೇ ಅವನು ಬಿಟ್ಟುಹೋದ ಈ ಕೊನೆಯ ಚಿತ್ರವನ್ನು ಕಾಲೇಜಿನ ಗೋಡೆಗೆ ಹಾಕಿಸಬೇಕೆಂದು ಜೊತೆಯ ಮೇಷ್ಟ್ರು ಸುರೇಶ್ ಬಂದಿದ್ದ. ಅವನೇ ಕೆಂಪು ಹಾಕಿ ನೋಡಿದ, ಆಮೇಲೆ ನೇರಳೆ. ಪಟ್ಟೆಪಟ್ಟೆಯಾಗಿ ಬಂದದ್ದನ್ನು ನಯವಾಗಿ ಬೆರೆಸಿದ. ವರಲಕ್ಷ್ಮಿಗೆ ಎಲ್ಲವೂ ಒಂದೇ. ಇಪ್ಪತ್ತಾರು ದಿನದಿಂದ ಅವಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ.

ಬಾಗಿಲಿಗೆ ಒರಗಿ ನಿಂತಿದ್ದ ಅತ್ತೆ ಕದರಮ್ಮ, "ಆ ಕರೀದು ಯಾಕಮ್ಮ ನಡುವೆ? ಅದ್ಕೂ ಏನಾರ ಹಾಕ್ಬುಡು" ಎಂದಳು.

"ಅದು ಅಂಗೇ ಇರ್ಲಿ ಅತ್ತೆ."

"ನನ್ ಮಗಂಗೆ ಏನ್ ಕಾಣ್ತಿತ್ತೋ ಏನೋ. ಚಿಕ್ಕೋನಿದ್ದಾಗ ಹಣ್ಣು ಮೆಣಸಿನಕಾಯೀನೂ ಹಸಿ ಕಾಯೀನೂ ಒಂದೇ ಮಂಕ್ರೀಗೆ ಕಿತ್ತಾಕ್ದ ಅಂತ ಹೊಡ್ದಿದ್ದೆ ಕಣಮ್ಮ. ನಂಗೇನು ಗೊತ್ತು?"

ವರಲಕ್ಷ್ಮಿ ಮೌಸಿಗೆ ಕೈ ಚಾಚಿದಳು. ಸುರೇಶ್ ಎದ್ದು ಕುರ್ಚಿ ಬಿಟ್ಟುಕೊಟ್ಟ. ಅವಳು ಅವನು ಹಾಕಿದ್ದನ್ನೆಲ್ಲ ಅಳಿಸಿದಳು. ಬೇಗ ಓಡಿದ ಚುಕ್ಕಿಗಳಿಗೆ ನೀಲಿ ಕೊಟ್ಟಳು, ತಡವಾಗಿ ಓಡಿದವಕ್ಕೆ ಹಳದಿ.

"ಇಷ್ಟೇನಾ ಅಕ್ಕಾ?"

"ಇವೆರಡು ಅವ್ರಿಗೆ ಕಾಣ್ತಿದ್ವು. ಹನ್ನೊಂದು ವರ್ಷದಲ್ಲಿ ಒಂದ್ಸಲಾನೂ ಹಾಕ್ಲಿಲ್ಲ ನಾನು."

ಮುಂದಿನ ತಿಂಗಳು ಕಾಲೇಜಿನ ಪಡಸಾಲೆಯಲ್ಲಿ ಚಿತ್ರ ತೂಗುಹಾಕಿದರು. ಕನ್ನಡ ಪಾಠ ಮಾಡುವ ಗಂಗಾಂಬಿಕಾ ಕಾಫಿ ತಂದುಕೊಟ್ಟು, "ಸರ್ ಅವರ ಮೊದಲಿನ ಚಿತ್ರಗಳಷ್ಟು ಇದರಲ್ಲಿ ರಂಗಿಲ್ಲ, ಅಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಹೌದು" ಎಂದಳು ವರಲಕ್ಷ್ಮಿ.

ಗಂಟೆ ಹೊಡೆಯಿತು. ತರಗತಿಗಳಿಂದ ಹುಡುಗ ಹುಡುಗಿಯರು ಒಮ್ಮೆಗೇ ನುಗ್ಗಿ ಬಂದರು. ಅವಳು ಚಿತ್ರದ ಪಕ್ಕದ ಗೋಡೆಗೆ ಒತ್ತಿಕೊಂಡು, ಓಡುವವರಿಗೆ ದಾರಿ ಬಿಟ್ಟು ಅಲ್ಲೇ ಉಳಿದಳು. ಕೈಯಲ್ಲಿದ್ದ ಕಾಫಿಗೆ ಕೆನೆ ಕಟ್ಟಿತ್ತು.