ಕಣ್ಣಿ ಕಳಚಿತು

ಹಗ್ಗ ಇನ್ನೂ ಬೆಚ್ಚಗಿದೆ, ಯಜಮಾನಿಯ ಕಂದು ಕೂದಲು ನಾಲ್ಕು ಅಂಟಿಕೊಂಡಿವೆ — ಕೊಟ್ಟಿಗೆಗೆಲ್ಲ ಹಿರಿಯ ಹಸು, ಹೆಸರು ಮಾವ ಇಟ್ಟದ್ದು, ನಿಮ್ಮತ್ತೆಗಿಂತ ಇವಳ ಜಬರ್ದಸ್ತೇ ಜಾಸ್ತಿ ಕಣಮ್ಮ ಅನ್ನುತ್ತಿದ್ದರು — ಕೈ ತೊಳೆಯಬೇಕು, ಔಷಧಿ ನೀರು ಬಾಗಿಲಲ್ಲೇ ಇದೆ, ದನದ ಡಾಕ್ಟರು ಹೇಳಿ ಹೋಗಿದ್ದಾರೆ, ರೋಗ ಹರಡುತ್ತಮ್ಮ, ಒಂದನ್ನೂ ಉಳಿಸೋ ಹಾಗಿಲ್ಲ, ಲಾರಿಗೆ ಹತ್ತಿಸಿಕೊಡಿ ಸಾಕು, ಅವಕ್ಕೆ ನೋವಾಗಲ್ಲ, ಆಗಲ್ಲವಂತೆ, ಇವರಿಗೆ ಯಾವ ಹಸು ಬಂದು ಹೇಳಿತೋ. ಕಣ್ಣಿ ಅಂದರೆ ಈ ಹಗ್ಗವೇ, ಒಂದು ತುದಿಗೆ ಗಂಟು, ಇನ್ನೊಂದಕ್ಕೆ ಕುಣಿಕೆ, ಗಂಟು ಜಾರಿದರೆ ಕೊರಳು ಹಗುರ. ಕುಣಿಕೆ ಕಣ್ಣಿನ ಹಾಗಿದೆ ನೋಡು, ಅದಕ್ಕೇ ಕಣ್ಣಿ ಅಂತಿದ್ದರು ಮಾವ, ಇರಬಹುದು, ಇಲ್ಲದೆಯೂ ಇರಬಹುದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ನಾದಿನಿ ನಂಬಿಬಿಟ್ಟಳು, ನಾನು ನಕ್ಕೆ. ಅವರಪ್ಪ, ಅವರಜ್ಜ, ಎಲ್ಲರೂ ಬೆಳಿಗ್ಗೆ ಮೇಯಲು ಬಿಡುವಾಗ ಹಾಗೇ ಕೂಗುತ್ತಿದ್ದರಂತೆ, ಕಣ್ಣಿ ಕಳಚಿತೂ ಅಂತ ಒಂದೇ ಕೂಗು, ಮಲಗಿದ್ದವೂ ಧಡಕ್ಕನೆ ಎದ್ದು ನಿಲ್ಲುತ್ತಿದ್ದವು, ಹಗ್ಗ ಮುಟ್ಟುವ ಮೊದಲೇ. ಮಾರುವಾಗ ಮಾತ್ರ ಆ ಮಾತು ಆಡಬೇಡ ತಾಯಿ, ಅದು ಹುಲ್ಲಿಗೆ ಹೋಗೋ ಮಾತು, ನಂಬ್ಕೊಂಡಿರ್ತವೆ — ಹೂಂ ಮಾವ ಅಂದಿದ್ದೆ, ಹೂಂ ಅನ್ನುವುದಕ್ಕೇನು.

ಉಳಿದವು ಹೇಗೋ ಹತ್ತಿದವು, ಇವಳೊಬ್ಬಳು ಏಳಲಿಲ್ಲ, ಲಾರಿಯವನು ಕೋಲು ತೆಗೆದ, ನಮ್ಮವರು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು, ದೊಡ್ಡ ಗಂಡಸು, ಬೇಡಪ್ಪ, ಹೊಡೀಬೇಡ, ನಾನೇ ಎಬ್ಬಿಸ್ತೀನಿ ಅಂದೆ, ನಾಲಿಗೆಗೆ ಬಂದದ್ದು ಅದೊಂದೇ, ಕಣ್ಣಿ ಕಳಚಿತು, ಕೂಗಲೂ ಇಲ್ಲ, ಕಿವಿಯಲ್ಲಿ ಅಂದೆ, ಎದ್ದಳಲ್ಲ, ಆ ಜ್ವರದ ಮೈಯಲ್ಲಿ, ಮೊಣಕಾಲು ನಡುಗುತ್ತ, ಬಾಲ ಬೀಸಿಕೊಂಡು ನನಗಿಂತ ಮುಂದೆ ಬಾಗಿಲಿಗೆ ನಡೆದಳು; ಲಾರಿ ನಿಂತದ್ದು ಬಲಕ್ಕೆ, ಹುಲ್ಲುಗಾವಲು ಎಡಕ್ಕೆ, ಅವಳು ಎಡಕ್ಕೆ ತಿರುಗಿದಳು. ಕೊಟ್ಟಿಗೆ ಗುಡಿಸಬೇಕು, ಗೋದಲಿಯಲ್ಲಿ ಹುಲ್ಲು ಹಾಗೇ ಇದೆ, ಯಾರಿಗೆ, ಮಾವ ಇದ್ದಿದ್ದರೆ ಬೈಯುತ್ತಲೂ ಇರಲಿಲ್ಲ, ಅದೇ ಸಂಕಟ, ಕೈ ತೊಳೆಯಬೇಕು, ಈ ಕೈಯಲ್ಲೇ ಕೊಂಬು ಹಿಡಿದು ಬಲಕ್ಕೆ ಎಳೆದೆ, ನಿಂತಳು, ನನ್ನ ಮುಖ ನೋಡಿದಳು, ದಾರಿ ತಪ್ಪಿದ್ದು ನನಗೇ ಅಂದುಕೊಂಡಳೋ ಏನೋ, ನನಗೆ ತೋರಿಸುವವಳ ಹಾಗೆ ಮತ್ತೆ ಕುತ್ತಿಗೆ ತಿರುಗಿಸಿದಳು, ಎಡಕ್ಕೆ, ಕೈ ತೊಳೆಯಬೇಕು, ಎಡಕ್ಕೆ —