ಗಾಡಿ ಒಂದು ರಾತ್ರಿ ಇಲ್ಲೇ ಮಲಗಲಿ

ಜನ ನನ್ನನ್ನು ಕರೆಯುವುದು ಕಿವಿ ಮೇಸ್ತ್ರಿ ಎಂದು. ಮೂವತ್ತೆರಡು ವರ್ಷದಿಂದ ಮೋಟಾರ್ ಸೈಕಲ್ ರಿಪೇರಿ ಮಾಡಿಕೊಂಡು ಬಂದವನು. ವಾಲ್ವ್ ಸೆಟ್ಟಿಂಗ್, ಅಂದರೆ ಇಂಜಿನ್ನಿನ ವಾಲ್ವಿನ ಮೇಲೆ ಕೂದಲೆಳೆಯಷ್ಟು ಸಂದಿ ಬಿಡುವ ಕೆಲಸಕ್ಕೆ ಊರಾಚೆಯಿಂದಲೂ ಗಾಡಿ ತಳ್ಳಿಕೊಂಡು ನನ್ನ ಹತ್ತಿರ ಬರುತ್ತಾರೆ. ಬೇರೆಯವರು ಆ ಸಂದಿಗೆ ಉಕ್ಕಿನ ಪಟ್ಟಿ ತುರುಕಿ ಅಳತೆ ಹಾಕುತ್ತಾರೆ. ನಾನು ಇಂಜಿನ್ ಓಡುತ್ತಿರುವಾಗಲೇ ಸ್ಕ್ರೂಡ್ರೈವರ್ ತುದಿಯನ್ನು ಅದರ ತಲೆಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ವಾಲ್ವಿನ ಸ್ಕ್ರೂವನ್ನು ಸದ್ದು ನಿಲ್ಲುವ ತನಕ ಬಿಗಿ ಮಾಡಿ, ಆಮೇಲೆ ಸಣ್ಣಗೆ ಟಿಕ್ ಟಿಕ್ ಮತ್ತೆ ಕೇಳಿಸುವ ತನಕ ಸಡಿಲ ಬಿಡುತ್ತೇನೆ. ಅಷ್ಟೇ ವಿದ್ಯೆ. ಹೇಳಿಕೊಟ್ಟರೂ ಎಲ್ಲರಿಗೂ ಬರುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ನಮ್ಮ ಅಂಗಡಿಯಲ್ಲಿ ಒಂದು ನಿಯಮವಿದೆ. ವಾಲ್ವ್ ಕೆಲಸವಾದ ಗಾಡಿ ಒಂದು ರಾತ್ರಿ ಇಲ್ಲೇ ಮಲಗಬೇಕು. ಬೆಳಿಗ್ಗೆ ತಣ್ಣಗಿರುವಾಗ ಮೊದಲ ಕಿಕ್ ಹೊಡೆದು ನಾನು ಕೇಳಿ ಸರಿ ಎಂದ ಮೇಲೆಯೇ ಹೊರಗೆ. ಯಾರು ಅವಸರ ಮಾಡಿದರೂ ಬಗ್ಗುವವನಲ್ಲ.

ಜೊತೆಗೆ ಕೆಲಸ ಮಾಡುವವಳು ನನ್ನ ಮಗಳು. ವಯಸ್ಸು ಮೂವತ್ತು, ಕೈ ಚುರುಕು, ಮಾತು ಕಡಿಮೆ. ಎರಡು ವರ್ಷದಿಂದ ಬೆಳಿಗ್ಗೆ ಆರಕ್ಕೇ ಬಂದು ಅಂಗಡಿ ತೆಗೆಯುತ್ತಾಳೆ, ಗುಡಿಸುವುದಕ್ಕಂತೆ. ನಾನು ಎಂಟಕ್ಕೆ ಬಂದು ನೋಡಿದರೆ ಮೂಲೆಯ ಕಸ ಮೂಲೆಯಲ್ಲೇ. ಎರಡು ಗಂಟೆ ಪೊರಕೆಗೆ ಪೂಜೆ ಮಾಡ್ತಿದ್ದೆಯಾ ಎಂದು ರೇಗಿಸುತ್ತಿದ್ದೆ. ಅವಳು ನಕ್ಕು ಕೆಲಸಕ್ಕೆ ಕೂರುತ್ತಿದ್ದಳು.

ಒಂದು ದಿನ ನರ್ಸಮ್ಮ ಗಾಡಿ ತಂದರು. ಮನೆ ಮನೆಗೆ ಹೋಗಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ನೋಡಿ ಬರುವವರು. ಬಿಸಿಯಿದ್ದಾಗ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಏರಿನಲ್ಲಿ ಎಳೆಯುವುದಿಲ್ಲ, ಆದರೆ ಸದ್ದು ಮಾತ್ರ ಎಂದೂ ಇಲ್ಲದಷ್ಟು ನಯ ಎಂದರು. ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿದೆ. ಒಂದು ಹಂತದಲ್ಲಿ ಅದು ಅಂಗೈಯನ್ನು ಹಿಂದಕ್ಕೆ ನೂಕಬೇಕು, ನೂಕಲಿಲ್ಲ. ವಾಲ್ವ್ ಬಿಗಿಯಾಗಿದೆ, ಪೂರ್ತಿ ಮುಚ್ಚುತ್ತಿಲ್ಲ ಎಂದೆ. ಸದ್ದು ಮಾಡುವ ವಾಲ್ವಿಗೆ ನಾನು ಹೆದರುವವನಲ್ಲ. ತೆಪ್ಪಗಿರುವುದೇ ಒಳಗೊಳಗೇ ಸುಟ್ಟುಹೋಗುವುದು.

ಮಗಳು ಬಿಡಿಭಾಗ ತರಲು ಹೋಗಿದ್ದಳು. ಸಂಜೆಯೊಳಗೆ ನಾನೇ ಕೆಲಸ ಮುಗಿಸಿದೆ. ಬೆಳಿಗ್ಗೆ ಆರೂವರೆಗೆ ಮೊದಲ ಮನೆಗೆ ಹೋಗಬೇಕು, ನಿನ್ನೆ ಹುಟ್ಟಿದ ಮಗು, ದಯವಿಟ್ಟು ಈಗಲೇ ಕೊಡಿ ಎಂದು ನರ್ಸಮ್ಮ ಅಂಗಲಾಚಿದರು. ನನ್ನ ಮಗಳು ಹುಟ್ಟಿದಾಗ ಹೆಂಡತಿಯ ಕೈ ಹಿಡಿದು ಕೂತಿದ್ದವರು ಅವರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೊದಲ ಸಲ ನಿಯಮ ಮುರಿದೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ಕೇಳಿ ಮಗಳ ತುತ್ತು ಕೈಯಲ್ಲೇ ನಿಂತಿತು. ಕೊಟ್ಟುಬಿಟ್ಟೆಯಾ ಎಂದು ಎರಡು ಸಲ ಕೇಳಿದಳು. ಅಂಗಡಿಯ ಶಿಸ್ತಿನ ಮೇಲೆ ಎಷ್ಟು ಕಾಳಜಿ ಎಂದು ನನಗೆ ಹೆಮ್ಮೆಯಾಯಿತು. ಎಂಥ ಪೆದ್ದ ನಾನು!

ಮರುದಿನ ಹತ್ತು ಗಂಟೆಗೆ ನರ್ಸಮ್ಮ ಮುಖ ಊದಿಸಿಕೊಂಡು ಬಂದರು. ಗಾಡಿ ಚೆನ್ನಾಗಿ ಎಳೆಯುತ್ತದಂತೆ, ಸ್ಟಾರ್ಟ್ ಕೂಡ ಸಲೀಸಂತೆ. ಆದರೆ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದಂತೆ. ಮೂರು ಬೀದಿಯಲ್ಲಿ ಮಲಗಿದ್ದ ಕೂಸುಗಳೆಲ್ಲ ಎದ್ದು ಅತ್ತವಂತೆ. ಒಬ್ಬಳು ಅಜ್ಜಿ ಕಿಟಕಿಯಿಂದಲೇ ಬೈದಳಂತೆ.

ನನಗೆ ಮೂಗಿನ ತುದಿಯಲ್ಲೇ ಕೋಪ. ಜನರ ಬಿಪಿ ನೋಡುವುದು ಸಾಲದು ಅಂತ ನನ್ನ ಇಂಜಿನ್ನಿಗೂ ನೋಡ್ತೀರಾ ಸಿಸ್ಟರ್ ಎಂದು ಗದರಿಕೊಂಡೇ ಗಾಡಿ ಸ್ಟಾರ್ಟ್ ಮಾಡಿದೆ. ದಪ್ಪಗೆ, ತುಂಬಿಕೊಂಡು, ಹಿತವಾಗಿ ಓಡುತ್ತಿತ್ತು. ಕೇಳಿ, ಬೆಣ್ಣೆ ಇದ್ದ ಹಾಗಿದೆ ಎಂದೆ.

ನರ್ಸಮ್ಮನ ಕೋಪ ಅಲ್ಲೇ ಇಳಿಯಿತು. ಅವರು ನನ್ನನ್ನು ನೋಡುವ ಬಗೆಯೇ ಬದಲಾಯಿತು. ಆ ನೋಟವನ್ನು ನಾನು ರೋಗಿಗಳ ಮನೆಯಲ್ಲಿ ಕಂಡಿದ್ದೆ.

"ಮೇಸ್ತ್ರಿ, ನಿಮಗೆ ನಿಜವಾಗ್ಲೂ ಕೇಳಿಸ್ತಾ ಇಲ್ವಾ?"

ಮಗಳು ತಲೆ ಬಗ್ಗಿಸಿ ಚೈನ್ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ನಾನು ಸ್ಕ್ರೂಡ್ರೈವರ್ ತೆಗೆದು ಇಂಜಿನ್ನಿನ ತಲೆಗೆ ಊರಿ ಕಿವಿಗೆ ಒತ್ತಿದೆ. ಧಡ್ ಧಡ್ ಎಂಬ ದಪ್ಪ ಸದ್ದಿನ ಅಡಿಯಲ್ಲಿ ನಾನು ಬಿಟ್ಟಷ್ಟೇ ಸಣ್ಣ ಟಿಕ್ ಟಿಕ್, ಅಷ್ಟೇ. ನೋಡಿದ್ರಾ ಎನ್ನಲು ಕಿವಿಯಿಂದ ಹಿಡಿ ತೆಗೆದೆ. ಅದು ಮುಷ್ಟಿಯೊಳಗೆ ಕುಟುಕುತ್ತಿತ್ತು. ಕೋಳಿ ಕಾಳು ಹೆಕ್ಕುವ ಹಾಗೆ, ಗಟ್ಟಿಯಾಗಿ, ಬಿಡುವಿಲ್ಲದೆ. ಕೈಗೆ ಅಷ್ಟು ಜೋರಾಗಿ ಗೊತ್ತಾಗುವುದು ಕಿವಿಗೆ ಪಿಸುಮಾತಿನಷ್ಟೇ ಕೇಳಿಸುತ್ತಿತ್ತು.

ಹೆಂಡತಿ ಪಿಸುಗುಟ್ಟುತ್ತಾಳೆ ಎಂದು ಎಷ್ಟು ಸಲ ಅವಳ ಮೇಲೆ ಹಾರಾಡಿದ್ದೇನೆ. ಬೀದಿಯಲ್ಲಿ ಗುಬ್ಬಿಗಳೇ ಇಲ್ಲವಾದವು ಎಂದು ಬೇಜಾರು ಮಾಡಿಕೊಂಡಿದ್ದೇನೆ. ಗುಬ್ಬಿಗಳು ಅಲ್ಲೇ ಇದ್ದವು. ಸಣ್ಣ ಸದ್ದುಗಳೆಲ್ಲ ಯಾವಾಗಲೋ ನನ್ನನ್ನು ಬಿಟ್ಟುಹೋಗಿದ್ದವು. ನನಗೆ ಕೇಳಿಸುವ ತನಕ ಸಡಿಲ ಬಿಟ್ಟ ವಾಲ್ವ್ ಊರಿಗೆಲ್ಲ ಕೇಳಿಸುತ್ತಿತ್ತು. ಕಿವಿ ಹೋದ ಮೇಲೆ ಕಿವಿ ಮೇಸ್ತ್ರಿಗೆ ಅಂಗಡಿಯಲ್ಲಿ ಏನು ಕೆಲಸ?

ಆದರೆ ಇದುವರೆಗೆ ಒಂದು ಗಾಡಿಯೂ ವಾಪಸ್ ಬಂದಿರಲಿಲ್ಲವಲ್ಲ. ಅದು ಹೊಳೆದದ್ದೇ ತಡ, ಎದ್ದು ಕೆಳಗಿನ ಡ್ರಾಯರ್ ಎಳೆದೆ. ಹಿಂದೆ ಯಾರೋ ಏಜೆಂಟ್ ಕೊಟ್ಟಿದ್ದ ಫೀಲರ್ ಗೇಜ್ ಅಲ್ಲಿತ್ತು, ಕಾಗದದಷ್ಟು ತೆಳುವಾದ ಅಳತೆಯ ಪಟ್ಟಿಗಳ ಗೊಂಚಲು. ನಾನು ಅದನ್ನು ಮುಟ್ಟಿದವನಲ್ಲ. ಪಟ್ಟಿಗಳೆಲ್ಲ ಕಂದು ಹಿಡಿದಿದ್ದವು. ಎರಡೇ ಎರಡು, ಗಾಳಿ ಒಳಗೆ ಬಿಡುವ ವಾಲ್ವಿನ ಅಳತೆಯದೂ ಹೊಗೆ ಹೊರಗೆ ಬಿಡುವ ವಾಲ್ವಿನ ಅಳತೆಯದೂ, ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ಬೆಳಿಗ್ಗೆ ಆರು ಗಂಟೆ. ತಣ್ಣಗಾದ ಇಂಜಿನ್. ಗುಡಿಸದೆ ಉಳಿದ ಮೂಲೆಗಳು.

ನರ್ಸಮ್ಮನಿಗೆ ನಮ್ಮ ಸ್ಕೂಟರ್ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಗೇಜನ್ನು ಮಗಳ ಮುಂದೆ ಎಸೆದು, ಎರಡು ವರ್ಷ ನಾನು ಕೆಡಿಸಿದ್ದನ್ನೆಲ್ಲ ಕದ್ದು ಸರಿಮಾಡಿ ನನ್ನನ್ನು ಬೊಂಬೆ ಮಾಡಿ ಕೂರಿಸಿದೆಯಲ್ಲೇ ಎಂದು ಕೂಗಾಡಿದೆ. ಅವಳು ಗೇಜನ್ನು ಎತ್ತಿ, ಅಂಗಿಗೆ ಒರೆಸಿ, ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು.

"ಅಪ್ಪ, ಯಾವ ಗಾಡಿಗೆ ವಾಲ್ವ್ ಸೆಟ್ಟಿಂಗ್ ಬೇಕು, ಯಾವುದಕ್ಕೆ ಬೇಡ ಅಂತ ನೀನು ಹೇಳಿದ್ದು ಒಂದೂ ತಪ್ಪಿಲ್ಲ. ನಾನು ಪ್ರತಿಯೊಂದನ್ನೂ ಬಿಚ್ಚಿ ನೋಡಿದೀನಿ. ಅದು ನಿನ್ನ ಕಿವಿ ಹೇಳಿದ್ದಲ್ಲ."

ಹೌದಲ್ಲ. ಬಿಸಿಯಲ್ಲಿ ಹೇಗೆ, ಏರಿನಲ್ಲಿ ಹೇಗೆ, ನಿಂತಲ್ಲಿ ಆರಿಹೋಗುತ್ತದೆಯೇ ಎಂದು ಸವಾರರನ್ನು ಕೆದಕಿ ಕೇಳುತ್ತಿದ್ದೆ. ಕಿಕ್ಕರ್ ಅಂಗೈಯನ್ನು ನೂಕುತ್ತದೆಯೇ ನೋಡುತ್ತಿದ್ದೆ. ಅಷ್ಟರಲ್ಲೇ ಕಾಯಿಲೆ ಗೊತ್ತಾಗಿರುತ್ತಿತ್ತು. ಸ್ಕ್ರೂಡ್ರೈವರ್ ಕಿವಿಗೆ ಇಡುತ್ತಿದ್ದುದು ಆಮೇಲೆ, ನಾಲ್ಕು ಜನ ನೋಡಲಿ ಎಂದು.

ಮೊದಲೇ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನೀನು ಅಂಗಡಿಗೆ ಬರೋದನ್ನೇ ಬಿಟ್ಟುಬಿಡ್ತೀಯ ಅಂತ ಹೆದರಿದೆ ಎಂದಳು. ಅದೂ ಸುಳ್ಳಲ್ಲ. ನನ್ನ ಹಟ ಅವಳಿಗೆ ಗೊತ್ತಿಲ್ಲದ್ದೇ?

ಮರುದಿನ ಐದೂವರೆಗೆ ನಾನೇ ಬಾಗಿಲು ತೆಗೆದೆ. ನರ್ಸಮ್ಮನ ಇಂಜಿನ್ ತಣ್ಣಗೆ ಮಲಗಿತ್ತು. ಎರಡೂ ವಾಲ್ವ್ ಮುಚ್ಚಿಕೊಳ್ಳುವ ಗುರುತಿಗೆ ತಿರುಗಿಸಿ, ಹೊಳೆಯುವ ಪಟ್ಟಿಯನ್ನು ಸಂದಿಗೆ ತೂರಿಸಿ, ಸ್ಕ್ರೂ ಬಿಗಿ ಮಾಡುತ್ತಾ ಬಂದೆ. ಪಟ್ಟಿ ಸಿಕ್ಕಿಹಾಕಿಕೊಳ್ಳಬಾರದು, ಸಲೀಸಾಗಿ ಜಾರಲೂಬಾರದು. ದಪ್ಪ ಪುಸ್ತಕದ ನಡುವಿನಿಂದ ಚೀಟಿ ಎಳೆದಷ್ಟು ಬಿಗಿ ಸಾಕು. ನಾಲ್ಕನೇ ಸಲಕ್ಕೆ ಬೆರಳು ಒಪ್ಪಿತು. ಹೊಸ ಕೆಲಸ ಕಲಿತ ಖುಷಿ ಈ ವಯಸ್ಸಿನಲ್ಲಿ ಆಗುತ್ತದೆಂದು ನಾನು ಎಣಿಸಿರಲಿಲ್ಲ.

ಆರಕ್ಕೆ ಮಗಳು ಬಂದು ಬಾಗಿಲಲ್ಲೇ ನಿಂತಳು. ಬಾ, ನೋಡು ಎಂದು ಗೇಜ್ ಚಾಚಿದೆ. ಅವಳು ಮಂಡಿಯೂರಿ ಒಂದೊಂದೇ ಪಟ್ಟಿ ಆಡಿಸಿದಳು. ಪರೀಕ್ಷೆಗೆ ಕೂತವನ ಹಾಗೆ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ಸ್ಪ್ಯಾನರಿಗೆ ಕೈ ಹಾಕಲೇ ಇಲ್ಲ. ಮುಚ್ಚಳ ಕೂರಿಸಿ ಗಾಡಿ ಸ್ಟಾರ್ಟ್ ಮಾಡಿದಳು.

"ಹೇಗೆ ಕೇಳಿಸ್ತಿದೆ?" ಎಂದೆ. ಜನ್ಮದಲ್ಲೇ ಯಾರಿಗೂ ಕೇಳದ ಪ್ರಶ್ನೆ ಅದು.

ಅವಳು ನನ್ನ ಎಡಗೈ ಹಿಡಿದು, ಅದರ ಮೇಲೆ ಉಗುರಿನಿಂದ ತಟ್ಟತೊಡಗಿದಳು. ಸಣ್ಣಗೆ, ಹಗುರಾಗಿ, ಇಂಜಿನ್ನಿನ ಜೊತೆಜೊತೆಗೇ. ಮೂವತ್ತೆರಡು ವರ್ಷ ನಾನು ಕೇಳಿಕೊಂಡು ಬಂದ ಅದೇ ಟಿಕ್ ಟಿಕ್. ನನ್ನ ಕಣ್ಣು ತುಂಬಿತು. ಇಷ್ಟೇ ಇರಬೇಕು ಎಂದೆ. ಇಷ್ಟೇ ಇದೆ ಎಂದಳು.

ಆಮೇಲೆ ಅವಳಿಗೆ ಎಂಟು ಗಂಟೆಯ ತನಕ ಬೇರೆ ಕೆಲಸವಿರಲಿಲ್ಲ. ಪೊರಕೆ ತೆಗೆದುಕೊಂಡು ಎರಡು ವರ್ಷದಲ್ಲಿ ಮೊದಲ ಸಲ ಮೂಲೆ ಮೂಲೆಯೂ ಗುಡಿಸಿದಳು. ಹೋದ ವರ್ಷದಿಂದ ನಾನು ಊರೆಲ್ಲ ಬೈದುಕೊಂಡು ಹುಡುಕುತ್ತಿದ್ದ ಹತ್ತನೇ ನಂಬರ್ ಸ್ಪ್ಯಾನರ್ ಬೆಂಚಿನ ಕೆಳಗೇ ಸಿಕ್ಕಿತು.