ಊರ ಬಂತು, ಇಳಿ

ತವಾದ ಮೇಲಿನ ರೊಟ್ಟಿ ತಿರುವಿ ಹಾಕಬೇಕು ಎನ್ನುವಷ್ಟರಲ್ಲಿ ಫೋನು ಬಂತು. ನನ್ನ ಎರಡೂ ಕೈ ಜೋಳದ ಹಿಟ್ಟಾಗಿದ್ದವು. ಮಗಳು ಅಕ್ಷತಾ ಸ್ಪೀಕರ್ ಒತ್ತಿ ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. ಬೆಲ್ಲದ ಬಾಗೇವಾಡಿಯಿಂದ ನನ್ನ ಅಪ್ಪ.

"ದ್ರಾಕ್ಷಾಯಿಣಿ, ಕಣ್ಣಿನ ಪಟ್ಟಿ ಬಿಚ್ಚ್ಯಾರವಾ. ಎಲ್ಲಾ ಸ್ವಚ್ಛ ಕಾಣಾಕತ್ತೈತಿ. ನಿಮ್ಮವ್ವನ ಮಾರಿ ಮ್ಯಾಲ ಇಷ್ಟ ಸುಕ್ಕ ಅದಾವಂತ ನನಗ ಗೊತ್ತಽ ಇರಲಿಲ್ಲ."

ಹಿಂದಿನಿಂದ ಅವ್ವ ಏನೋ ಬೈದದ್ದು ಕೇಳಿಸಿತು. ಅಪ್ಪ ನಕ್ಕು ಮುಂದುವರಿಸಿದ.

"ಇವತ್ತ ಅಮಾಸಿ. ಅಳಿಯಂದ್ರ ಅಂಗಡಿ ಬಂದ್ ಇರತೈತಿ. ಗಾಡಿ ಮ್ಯಾಲ ಬರ್ರಿ. ನೀನಽ ಹೊಡ್ಕೊಂಡ ಬಾ. ನೀ ಗಾಡಿ ಹೊಡಿಯೂದ ನೋಡಿ ಎಷ್ಟ ವರ್ಷ ಆತು. ನಾ ಕಟ್ಟಿ ಮ್ಯಾಲ ಕುಂತಿರತೇನಿ."

ಅಂಗಳದಲ್ಲಿ ಮೋಟರ್‌ಸೈಕಲ್ ತೊಳೆಯುತ್ತಿದ್ದ ನನ್ನ ಗಂಡ ಗುರುಪಾದ ಅವರಿಗೂ ಎಲ್ಲ ಕೇಳಿಸಿತ್ತು. ನೀರಿನ ಸದ್ದು ನಿಂತಿತ್ತು.

"ಕೇಳಿದ್ರೇನ್ರಿ?" ಎಂದೆ.

"ಕೇಳಿದೆ."

"ಏನಂತೀರಿ?"

"ರೊಟ್ಟಿ ಹೊತ್ತಾಕತ್ತೈತಿ ಅಂತೇನಿ."

ಗಾಡಿ ಹೊಡೆಯುವುದನ್ನು ನನಗೆ ಕಲಿಸಿದ್ದು ಅಪ್ಪ. ಬೆಳಗ್ಗೆ ಹೊಲದ ಮನೆಯಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಿದ್ದೆ, ಆಮೇಲೆ ಅದೇ ಗಾಡಿಯಲ್ಲಿ ಹುಕ್ಕೇರಿಯ ಕಾಲೇಜಿಗೆ. ಮದುವೆಯಾಗಿ ಮೂಡಲಗಿಗೆ ಬಂದ ಮೇಲೆ ಲೈಸೆನ್ಸ್ ಮಾಡಿಸಿಕೊಟ್ಟವರು ಇವರೇ. ನೀರಿನ ಮೋಟರು, ಪೈಪು ಮಾರುವ ಅಂಗಡಿ ಇವರದು. ಅಮಾವಾಸ್ಯೆಯ ದಿನ ಪೂಜೆ ಮುಗಿಸಿ ಶಟರ್ ಎಳೆದರೆ ನಾವು ಗಾಡಿ ಹತ್ತುತ್ತೇವೆ. ದೊಡ್ಡ ರಸ್ತೆ ಬೇಡ. ಕಾಲುವೆಯ ದಂಡೆ, ಕಬ್ಬಿನ ನಡುವಿನ ದಾರಿ, ಬಸ್ಸು ತಿರುಗಿ ನೋಡದ ಹಾದಿಗಳು. ಯಾರಾದರೂ ಕೇಳಿದರೆ ಇವರು, "ಗಾಳಿ ಛಲೋ ಇರತೈತಿ" ಎನ್ನುತ್ತಾರೆ.

ಗಾಳಿ ಚೆನ್ನಾಗಿರುವುದು ಸುಳ್ಳಲ್ಲ. ಆದರೆ ಆ ಹಾದಿಗಳಲ್ಲಿ ಜನ ಇರುವುದಿಲ್ಲ, ಅಲ್ಲಿ ಗಾಡಿ ನಾನು ಹೊಡೆಯಬಹುದು. ಊರು ಹತ್ತಿರವಾದಾಗ ಇವರು ನನ್ನ ಹೆಗಲು ತಟ್ಟುತ್ತಾರೆ. "ಊರ ಬಂತು, ಇಳಿ." ನಾನು ಹಿಂದೆ ಹೋಗುತ್ತೇನೆ, ಇವರು ಮುಂದೆ ಬರುತ್ತಾರೆ. ಊರು ದಾಟಿದ ಮೇಲೆ ಮತ್ತೆ ಅದಲು ಬದಲು.

ಸ್ಕೂಟಿ ಹೊಡೆಯುವ ಹೆಣ್ಣುಮಕ್ಕಳು ಮೂಡಲಗಿಯಲ್ಲಿ ಬೇಕಾದಷ್ಟಿದ್ದಾರೆ, ಯಾರೂ ಏನೂ ಅನ್ನುವುದಿಲ್ಲ. ಗೇರಿನ ಗಾಡಿಯ ಮೇಲೆ ಹೆಂಡತಿ ಮುಂದೆ, ದಪ್ಪ ಮೀಸೆಯ ಗಂಡ ಹಿಂದೆ ಕುಳಿತು ಪೇಟೆಯಲ್ಲಿ ಹಾದುಹೋಗುವುದು ಬೇರೆ ಮಾತು. ಮದುವೆಯಾದ ಮೇಲೆ ಬಾಗೇವಾಡಿಯ ಊರೊಳಗೂ ನಾನು ಯಾವಾಗಲೂ ಹಿಂದೆ ಕುಳಿತೇ ಹೋಗಿದ್ದೇನೆ. ಒಮ್ಮೆಯಾದರೂ ಅಪ್ಪನ ಕಟ್ಟೆಯ ಮುಂದೆ ನಾನೇ ಬ್ರೇಕು ಒತ್ತಿ ಗಾಡಿ ನಿಲ್ಲಿಸಬೇಕೆಂಬುದು ನನ್ನ ಆಸೆ. ಬಾಯಿಬಿಟ್ಟು ಕೇಳಿದರೆ ಇವರು ಇಲ್ಲ ಎನ್ನಲಾರರು. ಹ್ಞೂಂ ಎಂದು ಹಿಂದೆ ಕುಳಿತು, ಓಣಿ ಮುಗಿಯುವವರೆಗೆ ತಲೆ ತಗ್ಗಿಸಿಕೊಂಡಿರುತ್ತಾರೆ. ಹಾಗೆ ನನಗೆ ಬೇಡ. ಅದಕ್ಕೇ ಕೇಳಿಲ್ಲ.

ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಹೊರಟೆವು. ಮೂಡಲಗಿ ದಾಟಿ ಕಾಲುವೆಯ ಸೇತುವೆಗೆ ಬಂದ ಮೇಲೆ ಇವರು ಗಾಡಿ ನಿಲ್ಲಿಸಿ ಇಳಿದರು. ಎಂಜಿನ್ ಆರಿಸಲಿಲ್ಲ. ನಾನು ದುಪಟ್ಟಾ ಸೊಂಟಕ್ಕೆ ಬಿಗಿದು ಮುಂದೆ ಕುಳಿತೆ. ಅಕ್ಷತಾಳನ್ನು ಎತ್ತಿ ನನ್ನ ಮುಂದೆ ಪೆಟ್ರೋಲ್ ಟಾಂಕಿಯ ಮೇಲೆ ಕೂರಿಸಿದರು.

"ಅವ್ವಾ..." ಎಂದಳು ಅವಳು.

"ಏನವಾ?"

"ಏನಿಲ್ಲ."

ಮಳೆ ಹಿಂದಿನ ವಾರ ನಿಂತಿತ್ತು. ಒಂದು ಕಡೆ ಕಾಲುವೆಯ ತುಂಬಾ ಕೆಂಪು ನೀರು, ಇನ್ನೊಂದು ಕಡೆ ತೆನೆ ಬಿಟ್ಟ ಗೋವಿನಜೋಳ. ಮೂರನೇ ಗೇರಿಗೆ ಹಾಕಿದಾಗ ಗಾಡಿಯ ನಡುಕ ಇಳಿದು ಒಂದೇ ಸಮನಾದ ಗುಡುಗುಡು ಉಳಿಯಿತು. ಮಗಳ ಕೂದಲು ನನ್ನ ಗದ್ದಕ್ಕೆ ತಾಗುತ್ತಿತ್ತು. ಇವರ ಕೈ ನನ್ನ ಹೆಗಲ ಮೇಲಿತ್ತು. ಮನೆಯಲ್ಲಿ ಎಂದೂ ಹಾಡದ ಮನುಷ್ಯ ನನ್ನ ಬೆನ್ನ ಹಿಂದೆ ಏನೋ ಗುನುಗುತ್ತಿದ್ದರು. ಈ ರಸ್ತೆ ಹೀಗೇ ಇರಲಿ, ಮುಂದೆ ಯಾವ ಊರೂ ಬಾರದಿರಲಿ ಅನ್ನಿಸಿತು.

ಊರು ಬಂತು. ಹಿಂದೆಲ್ಲ ಊರಬಾಗಿಲಿನ ಅಗಸಿ ಕಂಡ ಮೇಲೆ ಅದಲು ಬದಲಾಗುತ್ತಿದ್ದೆವು. ಈಗ ಊರುಗಳು ರಸ್ತೆಯ ಗುಂಟ ಬೆಳೆದಿವೆ. ಹೊಲದಲ್ಲೊಂದು ಹೊಸ ಮನೆ, ಅದರ ಮುಂದೆ ಚಹದ ಡಬ್ಬಿ ಅಂಗಡಿ, ಅಲ್ಲಿ ನಾಲ್ಕು ಜನ. ಇವರು ಹೆಗಲು ತಟ್ಟುವ ಜಾಗ ಸಲ ಸಲಕ್ಕೂ ಹಿಂದೆ ಸರಿಯುತ್ತದೆ, ನನ್ನ ರಸ್ತೆ ಅಷ್ಟಷ್ಟೇ ಕಿರಿದಾಗುತ್ತದೆ. ಗೋಕಾಕ ಮುಟ್ಟುವುದರೊಳಗೆ ನಾನು ಎಷ್ಟು ಸಲ ಇಳಿದೆನೋ. ಇಳಿದಾಗಲೆಲ್ಲ ಅಕ್ಷತಾ ಮೊದಲು ನನ್ನ ಮುಖ, ಆಮೇಲೆ ತನ್ನ ಅಪ್ಪನ ಮುಖ ನೋಡುತ್ತಿದ್ದಳು.

ಫಾಲ್ಸಿನ ಹತ್ತಿರ ಬುತ್ತಿ ಬಿಚ್ಚಿದೆವು. ತುಂತುರು ನಮ್ಮವರೆಗೂ ಬಂದು ರೊಟ್ಟಿ ಮೆತ್ತಗಾಯಿತು.

"ದ್ರಾಕ್ಷಿ, ನೀ ಹೊಡ್ಯಾಕತ್ತಿದ್ರ ನಾ ಆರಾಮ ಕಣ್ಣ ಮುಚ್ಚತೇನಿ" ಎಂದರು ಇವರು. "ನಾ ಹೊಡ್ಯಾಗ ನೀ ಯಾವತ್ತರ ಮುಚ್ಚೀದಿಯೇನು?"

"ಇಲ್ಲಪಾ. ಜೀವದ ಆಶಾ ಐತಿ ನನಗ."

ಜೋರಾಗಿ ನಕ್ಕರು. ಆ ನಗುವಿನಲ್ಲಿ ಕೇಳಿಬಿಡಬೇಕಿತ್ತು. ಡಬ್ಬಿ ತೊಳೆಯುತ್ತ ಮಾತು ಹುಡುಕಿದೆ, ಅಷ್ಟರಲ್ಲಿ ಇವರು ಚಹ ತರಲು ಎದ್ದು ಹೋದರು.

ಧೂಪದಾಳ ದಾಟಿ ಒಳಗಿನ ದಾರಿ ಹಿಡಿದಾಗ ಮತ್ತೆ ನಾನು ಮುಂದೆ. ಒಂದು ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಗಾಡಿ ನಿಲ್ಲಿಸಿದೆ. ಎಮ್ಮೆಗಳ ಹಿಂದಿದ್ದವರು ಸೋಮಪ್ಪ, ನಮ್ಮ ಅಂಗಡಿಯಲ್ಲಿ ಮೋಟರು ಒಯ್ಯುವ ಹಳೆಯ ಗಿರಾಕಿ. ಮೊದಲು ನನ್ನನ್ನು ನೋಡಿದರು. ಆಮೇಲೆ ಬಾಗಿ ನನ್ನ ಹಿಂದೆ ನೋಡಿದರು.

"ಏ ಗುರುಪಾದ! ಡ್ರೈವರ್ ಇಟ್ಟೀ ಏನೋ? ಪಗಾರ ಎಷ್ಟ ಕೊಡ್ತಿ?"

"ಪಗಾರ ಎಲ್ಲೀದ ಸೋಮಪ್ಪಣ್ಣಾ, ಅಕಿ ಕಡೆ ನಾನಽ ಊಟಕ್ಕ ಅದೇನಿ" ಎಂದರು ಇವರು.

"ಭಾಳ ಛಲೋ ಆತು ಬಿಡು. ಹೆಗಲ ಗಟ್ಟಿ ಹಿಡ್ಕೋ, ಬಿದ್ದಗಿದ್ದಿ! ತಂಗೀ, ಸಾವಕಾಶ ಒಯ್ಯವಾ, ಸಾಮಾನ ನಾಜೂಕೈತಿ."

ಎಲ್ಲರೂ ನಕ್ಕೆವು. ನನಗೂ ನಗು ಬಂತು. ಆದರೆ ನಗು ನಿಲ್ಲುವ ಮೊದಲೇ ಇವರ ಕೈ ನನ್ನ ಹೆಗಲಿನಿಂದ ಇಳಿದು ಹಿಂದಿನ ಕ್ಯಾರಿಯರ್ ಹಿಡಿದುಕೊಂಡಿತು. ಎಮ್ಮೆಗಳು ಸರಿದವು. ನಾನು ಗೇರು ಹಾಕಿದೆ.

"ಸಂತಿಗೆ ಬಂದಾಗ ಎಲ್ಲಾರ ಮುಂದ ಹೇಳತಾನ ಅಂವ" ಎಂದರು ಇವರು, ಎಷ್ಟೋ ದೂರ ಹೋದ ಮೇಲೆ.

"ಹೇಳ್ಲಿ ಬಿಡ್ರಿ."

ಬೆನ್ನ ಹಿಂದಿನ ಗುನುಗು ನಿಂತಿತ್ತು.

ಬಾಗೇವಾಡಿಯ ಹೊಲಗಳು ಶುರುವಾದವು. ಈ ದಾರಿಯ ಒಂದೊಂದು ತಗ್ಗೂ ನನ್ನ ಕೈಗೆ ಗೊತ್ತು. ಹಾಲಿನ ಕ್ಯಾನು ತುಳುಕದಂತೆ ಎಲ್ಲಿ ಎಡಕ್ಕೆ ಸರಿಯಬೇಕು, ಎಲ್ಲಿ ಕ್ಲಚ್ ಹಿಡಿಯಬೇಕು, ಯೋಚನೆ ಮಾಡುವ ಮೊದಲೇ ಕೈ ಮಾಡುತ್ತಿತ್ತು. ಕಬ್ಬಿನ ಮೇಲೆ ನೀರಿನ ಟಾಕಿಯ ತಲೆ ಮಾತ್ರ ಕಂಡಿತು, ಮನೆ ಇನ್ನೂ ಒಂದೂ ಕಂಡಿರಲಿಲ್ಲ. ಹೆಗಲ ಮೇಲೆ ಎರಡು ಬೆರಳು ಬಿದ್ದವು.

"ಊರ ಬಂತು, ಇಳಿ."

ಗಾಡಿ ನಿಲ್ಲಿಸಿದೆ. ಇವರು ಇಳಿದು ನನ್ನ ಪಕ್ಕಕ್ಕೆ ಬಂದು ನಿಂತರು. ನಾನು ಇಳಿಯಬೇಕು. ಕಾಲು ನೆಲಕ್ಕೆ ಊರಿದ್ದೆ, ಎರಡೂ ಕೈ ಹ್ಯಾಂಡಲ್ ಮೇಲೇ ಇದ್ದವು. ಬಿಡಬೇಕೆಂದು ನನಗೂ ಗೊತ್ತು. ಬಿಡಲು ಆಗಲಿಲ್ಲ.

"ಅಪ್ಪ ಕಟ್ಟಿ ಮ್ಯಾಲ ಕುಂತಿರತಾನ್ರಿ" ಎಂದೆ.

"ಗೊತ್ತೈತಿ."

ಹೆಗಲ ಮೇಲಿನ ಟವೆಲ್ಲಿನಿಂದ ಗಾಡಿಯ ಕನ್ನಡಿ ಒರೆಸತೊಡಗಿದರು. ಅದಕ್ಕೆ ಧೂಳೇನೂ ಹತ್ತಿರಲಿಲ್ಲ. ಊರ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಅದು ದಾಟುವವರೆಗೆ, ಗಾಡಿಗೆ ಏನೋ ಕೆಟ್ಟಿದೆ ಎನ್ನುವಂತೆ ಬಗ್ಗಿ ಚೈನು ನೋಡಿದರು. ಟ್ರ್ಯಾಕ್ಟರ್ ಹೋಯಿತು. ಇವರು ಎದ್ದು ನಿಂತರು, ನನ್ನ ಕಡೆ ನೋಡಲಿಲ್ಲ. ಎಂಜಿನ್ ನಡೆಯುತ್ತಲೇ ಇತ್ತು.

ಟಾಂಕಿಯ ಮೇಲಿದ್ದ ಅಕ್ಷತಾ ತಿರುಗಿ ನನ್ನನ್ನು ನೋಡಿದಳು. ಬೆಳಗಿನಿಂದ ಬಾಯಿಗೆ ಬಂದು ವಾಪಸು ಹೋಗುತ್ತಿದ್ದ ಮಾತನ್ನು ಈಗ ಹಿಡಿದಿಡಲಿಲ್ಲ. ತನ್ನ ಅಪ್ಪನ ಟವೆಲ್ಲಿನ ತುದಿ ಜಗ್ಗಿದಳು.

"ಅಪ್ಪಾ, ಊರಾಗ ಅವ್ವ ಗಾಡಿ ಹೊಡದ್ರ ನಿನಗ ಏನಾಗತೈತಿ?"